ನನ್ನ ಪಾಲಿಗೆ ಬಂದ ಬಿಸ್ಕತ್ತು ಡಬ್ಬ

ಕಲ್ಯಾಣಪುರದ ಹತ್ತಿರದ ಅಜ್ಜನ ಮನೆ ಮಾರುವುದೆಂದು ತೀರ್ಮಾನವಾಗಿತ್ತು. ಅಟ್ಟ ಖಾಲಿ ಮಾಡಲು ನಾವೆಲ್ಲ ಸೇರಿದ್ದು ಕಳೆದ ಆಟಿಯಲ್ಲಿ, ಅಂದರೆ ತುಳುವರ ಮಳೆಗಾಲದ ತಿಂಗಳಲ್ಲಿ, ಮಳೆ ಒಂದು ಗಳಿಗೆಯೂ ಬಿಡದ ದಿನ. ಆಟಿಯಲ್ಲಿ ಒಳ್ಳೆ ಕೆಲಸ ಮಾಡಬಾರದು ಅಂತಾರೆ, ಆದರೆ ಅಟ್ಟ ಗುಡಿಸುವುದು ಒಳ್ಳೆ ಕೆಲಸದ ಲೆಕ್ಕಕ್ಕೆ ಬರುವುದಿಲ್ಲವಂತೆ, ದೊಡ್ಡಮಾವನ ಅಭಿಪ್ರಾಯ. ಹಿತ್ತಾಳೆ ಹಂಡೆ ಒಬ್ಬರಿಗೆ, ಬೀಟೆ ಮರದ ಪೆಟ್ಟಿಗೆ ಇನ್ನೊಬ್ಬರಿಗೆ ಹೋಯಿತು. ಒಂದು ತುಕ್ಕು ಹಿಡಿದ ಬಿಸ್ಕತ್ತು ಡಬ್ಬ ಮತ್ತು ಒಂದು ದಪ್ಪ ಲೆಡ್ಜರ್ ಪುಸ್ತಕ ಯಾರಿಗೂ ಬೇಡವಾಗಿ ಚಾವಡಿಯಲ್ಲಿ ಉಳಿದವು. "ನೀನು ಓದು ಬರಹದವಳಲ್ವಾ, ನೀನೇ ಇಟ್ಕೋ ಮಾರಾಯ್ತಿ" ಎಂದು ಮಾವ ನನ್ನ ಕೈಗೆ ಕೊಟ್ಟರು.

ಅಜ್ಜನ ಸ್ಟಾಂಪುಗಳು.

ಅಜ್ಜ ಮಂಗಳೂರಿನಲ್ಲಿ ಒಂದು ಹೆಂಚಿನ ಕಾರ್ಖಾನೆಯ ಆಫೀಸಿನಲ್ಲಿ ರೈಟರ್, ಅಂದರೆ ಗುಮಾಸ್ತ ಆಗಿದ್ದರು. 1865ರಲ್ಲಿ ಬಾಸೆಲ್ ಮಿಷನಿನವರು ಜೆಪ್ಪುವಿನಲ್ಲಿ ಶುರು ಮಾಡಿದ ಹೆಂಚಿನ ಕೆಲಸ ಆಮೇಲೆ ನೇತ್ರಾವತಿ, ಗುರುಪುರ ಹೊಳೆಗಳ ಬದಿಗೆಲ್ಲ ಹಬ್ಬಿತ್ತು. ನಮ್ಮ ಹೆಂಚು ಹಡಗು ಹತ್ತಿ ಸಿಲೋನಿಗೆ, ಪೂರ್ವ ಆಫ್ರಿಕಕ್ಕೆ ಹೋಗುತ್ತಿತ್ತು. ಅಲ್ಲಿನ ವ್ಯಾಪಾರಿಗಳ ಕಾಗದ ಇಲ್ಲಿಗೆ ಬರುತ್ತಿತ್ತು. ಕಾಗದ ಫೈಲಿಗೆ ಹೋದ ಮೇಲೆ ಲಕೋಟೆಯ ಮೂಲೆ ಅಜ್ಜನ ಜೇಬಿಗೆ.

ಲೆಡ್ಜರನ್ನು ಅಲ್ಲೇ ಬಿಡಿಸಿ ನೋಡಿದ್ದು ನನ್ನ ಮೊದಲ ತಪ್ಪು. ಮಳೆಗಾಲದಲ್ಲಿ ಹಳೆ ಸ್ಟಾಂಪ್ ತೆಗೆಯಲೇಬಾರದಂತೆ, ಗಾಳಿಯ ಪಸೆಗೆ ಹಿಂದಿನ ಗೋಂದು ಜಿನುಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅದು ಆಮೇಲೆ ಗೊತ್ತಾಯಿತು. ಅಜ್ಜನೋ, ಎಲ್ಲವನ್ನೂ ಮೈದಾ ಅಂಟು ಹಾಕಿ ಗಟ್ಟಿಯಾಗಿ ಅಂಟಿಸಿಬಿಟ್ಟಿದ್ದರು. ಮೈದಾ ಅಂದಮೇಲೆ ಹುಳ ಸುಮ್ನೆ ಇರುತ್ತದೆಯೇ, ಅರ್ಧ ಸಿಲೋನನ್ನು ತಿಂದು ಮುಗಿಸಿತ್ತು.

ಆದರೆ ಪ್ರತಿ ಪುಟದ ಬದಿಯಲ್ಲೂ ಅಜ್ಜನ ಅಕ್ಷರ. ಕೀನ್ಯಾ, ಉಗಾಂಡ, ಟಾಂಗನೀಕ ಮೂರು ದೇಶಕ್ಕೆ ಒಂದೇ ಸ್ಟಾಂಪ್ ಇದ್ದ ಕಾಲದ ಜಿರಾಫೆಯ ಕೆಳಗೆ "ಕುತ್ತಿಗೆ ಉದ್ದ, ಸ್ಟಾಂಪ್ ಚಿಕ್ಕದು" ಎಂದು ಬರೆದಿದ್ದರು. ಆಗ ಹಂಗೇರಿಯ ಸ್ಟಾಂಪಿನ ಮೇಲೆ ಅವರ ಭಾಷೆಯಲ್ಲಿ 'ಮಗ್ಯಾರ್ ಪೋಸ್ಟಾ' (ಹಂಗೇರಿಯ ಅಂಚೆ) ಎಂದಿರುತ್ತಿತ್ತಲ್ಲ, ಅದನ್ನು ನೋಡಿ "ಮಗ್ಯಾರ್ ದೇಶ, ನಕ್ಷೆಯಲ್ಲಿ ಸಿಕ್ಕಲಿಲ್ಲ". ಸ್ಟಾಂಪಿನ ಮೇಲೆ ದೇಶದ ಹೆಸರು ಹಾಕದ ರಾಷ್ಟ್ರ ಬ್ರಿಟನ್ ಒಂದೇ, ರಾಜನ ಅಥವಾ ರಾಣಿಯ ತಲೆ ಇದ್ದರೆ ಸಾಕು ಅವರಿಗೆ. ಆ ಪುಟದಲ್ಲಿ ಅಜ್ಜ ಬರೆದದ್ದು ಎರಡೇ ಶಬ್ದ: "ಹೆಸರಿಲ್ಲ. ಜಂಬ."

ನಾನು ಓದಿ ನಗುತ್ತಿದ್ದಾಗ ಮಾವನ ಮಗ ಮೊಬೈಲ್ ಹಿಡಿದು ಬಂದ. ಗಾಂಧಿ ಸ್ಟಾಂಪ್ ಉಂಟಾ ನೋಡು, 2017ರಲ್ಲಿ ನಾಲ್ಕು ಸ್ಟಾಂಪಿನ ಒಂದು ಪಟ್ಟಿ 5 ಲಕ್ಷ ಪೌಂಡಿಗೆ ಹೋಗಿದೆ ಎಂದ. ಇದ್ದಕ್ಕಿದ್ದಂತೆ ಚಾವಡಿಯಲ್ಲಿದ್ದವರಿಗೆಲ್ಲ ಅಜ್ಜನ ಮೇಲೆ ಪ್ರೀತಿ ಉಕ್ಕಿತು. ಹುಡುಕಿದೆವು, ಗಾಂಧಿ ಸಿಕ್ಕಿದರು. 1948ರ ಆಗಸ್ಟ್ 15ರಂದು ಬಂದ ನಾಲ್ಕು ಬೆಲೆಗಳಲ್ಲಿ ಎಲ್ಲಕ್ಕಿಂತ ಕಡಿಮೆಯ ಒಂದೂವರೆ ಆಣೆಯದ್ದು, ಅದೂ ಮುಖದ ಮೇಲೆ ಕಪ್ಪು ಸೀಲು. ಲಕ್ಷ ಬಾಳುವುದು ಹತ್ತು ರೂಪಾಯಿಯದ್ದು, ಅದರಲ್ಲೂ ಗವರ್ನರ್ ಜನರಲ್ ಕಚೇರಿಗೆಂದು 'ಸರ್ವಿಸ್' ಅಂತ ಮೇಲಚ್ಚು ಹಾಕಿದ್ದು. ಹೆಂಚಿನ ಕಾರ್ಖಾನೆಗೆ ಗವರ್ನರ್ ಜನರಲ್ ಯಾಕೆ ಕಾಗದ ಹಾಕುತ್ತಾರೆ? ಎಲ್ಲರೂ ಮತ್ತೆ ಹಂಡೆಯ ಕಡೆ ಹೋದರು.

ಒಂದು ವಾರ ಬಿಟ್ಟು ಮಂಗಳೂರಿನಲ್ಲಿ ಸ್ಟಾಂಪ್ ಸಂಗ್ರಹಿಸುವ ಹಿರಿಯರೊಬ್ಬರ ಮನೆಗೆ ಡಬ್ಬ ಒಯ್ದೆ. ಡಬ್ಬದಲ್ಲಿ ಅಂಟಿಸದ ಸ್ಟಾಂಪುಗಳಿದ್ದವು, ದೊಡ್ಡ ದೊಡ್ಡವು, ಹೊಳೆಯುವಂಥವು. ಅಜ್ಮಾನ್, ಫುಜೈರಾ, ಉಮ್ ಅಲ್ ಕುವೈನ್. ಬೆಕ್ಕು, ಕುದುರೆ, ಚಂದ್ರನ ಮೇಲೆ ಇಳಿದವರು. ನನಗೆ ಇವೇ ಬೆಲೆ ಬಾಳುವವು ಅನಿಸಿತ್ತು. ಅವರು ಒಂದನ್ನು ಚಿಮುಟದಲ್ಲಿ ಎತ್ತಿ ತಿರುಗಿಸಿ, "ನೋಡಿ, ಮುಂದೆ ಸೀಲು ಬಿದ್ದಿದೆ, ಹಿಂದೆ ಗೋಂದು ಹಾಗೇ ಉಂಟು. ಹೇಗೆ?" ಎಂದು ಕೇಳಿದರು. ನನಗೆ ಹೊಳೆಯಲಿಲ್ಲ. 1971ರ ಡಿಸೆಂಬರಿನಲ್ಲಿ ಯುಎಇ ಆಗುವ ಮೊದಲು ಆ ಪುಟ್ಟ ಪುಟ್ಟ ಸಂಸ್ಥಾನಗಳ ಹೆಸರಿನಲ್ಲಿ, ಅಂಚೆಗಿಂತ ಜಾಸ್ತಿ ಸಂಗ್ರಹಿಸುವ ಮಕ್ಕಳಿಗೆ ಮಾರಲಿಕ್ಕೆಂದೇ, ರಾಶಿ ರಾಶಿ ಸ್ಟಾಂಪ್ ಅಚ್ಚು ಹಾಕಿ ಸೀಲನ್ನೂ ಅಲ್ಲೇ ಒತ್ತಿ ಬಿಡುತ್ತಿದ್ದರಂತೆ. ಯಾವ ಲಕೋಟೆಯ ಮೇಲೂ ಕೂತವಲ್ಲ. ಸಂಗ್ರಹಕಾರರು ಇವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ರಾತ್ರಿ ಫೋನ್ ಮಾಡಿ ಕೇಳಿದಾಗ ದೊಡ್ಡಮಾವ ಒಪ್ಪಿಕೊಂಡರು: ಅವು ಅಜ್ಜನದ್ದಲ್ಲ, ಅವರೇ ಹುಡುಗನಾಗಿದ್ದಾಗ ಉಡುಪಿಯ ರಥಬೀದಿಯಲ್ಲಿ ಪ್ಯಾಕೆಟ್ ಲೆಕ್ಕದಲ್ಲಿ ಕೊಂಡದ್ದು, ಅಜ್ಜನಿಗೆ ಗೊತ್ತಾಗದ ಹಾಗೆ ಡಬ್ಬಕ್ಕೆ ಸೇರಿಸಿದ್ದು.

ಲೆಡ್ಜರಿನಿಂದ ಬಿಡಿಸುವ ಬಗೆಯನ್ನೂ ಆ ಹಿರಿಯರೇ ಹೇಳಿಕೊಟ್ಟರು. ಮೈದಾ ಅಂಟಾದ್ದರಿಂದ ಒಳ್ಳೆಯದೇ ಆಯಿತಂತೆ. ಕಾಗದದ ಸಮೇತ ಕತ್ತರಿಸಿ ತಣ್ಣೀರಿನ ತಟ್ಟೆಯಲ್ಲಿ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಜಾರಿ ಬರುತ್ತದೆ, ಬಟ್ಟೆಯ ಮೇಲೆ ಮಗುಚಿ ಹಾಕಿ ಒಣಗಿಸಿ ಪುಸ್ತಕದಡಿ ಒತ್ತಿಡಬೇಕು. ಆದರೆ ಹಾಗೆ ಮಾಡಿದರೆ ಅಜ್ಜನ ಬರಹ ಚೂರು ಚೂರಾಗುತ್ತದೆ. ಬೇಡ ಎಂದೆ. ಸ್ಟಾಂಪ್ ಉಳಿಸಬೇಕೋ ಜಂಬ ಉಳಿಸಬೇಕೋ ಎಂದರೆ ನನ್ನ ಓಟು ಜಂಬಕ್ಕೆ.

ಮುಚ್ಚಿಡುವಾಗ ಡಬ್ಬದ ತಳದಲ್ಲಿ ಹಾಸಿದ್ದ ಪೇಪರಿನ ಅಡಿಯಿಂದ ಒಂದು ಲಕೋಟೆ ಬಂತು. ಇಡೀ ಲಕೋಟೆ. ಮೂಲೆ ಕತ್ತರಿಸಿಲ್ಲ. ಕತ್ತರಿಸಲು ಏನೂ ಇರಲೂ ಇಲ್ಲ, ಸ್ಟಾಂಪೇ ಇಲ್ಲ! ಬಾಂಬೆಯ ಸೀಲು, 1958. ವಿಳಾಸದ ಕೊನೆಗೆ ವಕ್ರ ಅಕ್ಷರದಲ್ಲಿ 'ಸೌತ್ ಕೆನರಾ'. ಮೇಲೆ ಬಾಕಿ ದುಡ್ಡಿನ ಗುರುತು. ಒಳಗೆ ಕಾಗದ ಇಲ್ಲ. "ಬೇರಿಂಗ್ ಲೆಟರ್" ಎಂದರು ಹಿರಿಯರು, ಕಣ್ಣು ಅರಳಿತು. ಸ್ಟಾಂಪ್ ಹಚ್ಚದೆ ಹಾಕಿದರೆ ತಲುಪಿದವರು ದುಪ್ಪಟ್ಟು ಕೊಟ್ಟು ಬಿಡಿಸಿಕೊಳ್ಳಬೇಕಿತ್ತು. ಇದಕ್ಕೆ ಬೇಕಾದರೆ ಇನ್ನೂರು ರೂಪಾಯಿ ಕೊಡುತ್ತೇನೆ ಎಂದರು. ಅಮ್ಮನಿಗೆ ತೋರಿಸದೆ ಕೊಡಲಾರೆ ಎಂದು ಹೇಳಿ ಮನೆಗೆ ಒಯ್ದೆ.

ಅಮ್ಮ ನೋಡಿದ ಕೂಡಲೇ ಗುರುತು ಹಿಡಿದರು. "ಇದು ಚಿಕ್ಕಪ್ಪಯ್ಯನ ಕಾಗದದ್ದು."

ಅಜ್ಜನ ತಮ್ಮ. ಹದಿಮೂರು ವರ್ಷಕ್ಕೆ ಮನೆಯಲ್ಲಿ ಹೇಳದೆ ಬಾಂಬೆಗೆ ಓಡಿ ಹೋದವರು, ಆಗ ನಮ್ಮ ಕಡೆಯ ಹುಡುಗರು ಹೋಟೆಲಿನಲ್ಲಿ ಲೋಟ ತೊಳೆಯಲು ಓಡುತ್ತಿದ್ದ ಹಾಗೆ. ಎಂಟು ತಿಂಗಳು ಸುದ್ದಿಯೇ ಇಲ್ಲ. ಮತ್ತೆ ಬಂದದ್ದು ಇದು. ಸ್ಟಾಂಪಿಗೆ ದುಡ್ಡಿರಲಿಲ್ಲವೋ, ಬೇರಿಂಗ್ ಹಾಕಿದರೆ ಪೋಸ್ಟ್‌ಮ್ಯಾನ್ ದುಡ್ಡಿನ ಆಸೆಗಾದರೂ ಮನೆ ಹುಡುಕಿ ಕೊಡುತ್ತಾನೆ ಅಂತ ಯಾರಾದರೂ ಹೇಳಿಕೊಟ್ಟಿದ್ದರೋ. ಹಾಗೆ ಹಾಕುವವರು ಬೇಕಾದಷ್ಟು ಜನ ಇದ್ದರಂತೆ. "ಕಾಗದವನ್ನು ಅಜ್ಜಿ ಸೆರಗಿನಲ್ಲಿ ಕಟ್ಟಿಕೊಂಡು ತಿರುಗುತ್ತಿದ್ದಳು. ಅವಳಿಗೆ ಓದಲಿಕ್ಕೆ ಬರುವುದಿಲ್ಲ, ಸಿಕ್ಕಿದವರ ಹತ್ತಿರ ಎಲ್ಲ ಓದಿಸಿದ್ದು. ಬೆವರಿಗೆ ಹರಿದು ಹೋಯಿತು. ಲಕೋಟೆ ಅಪ್ಪಯ್ಯ ಇಟ್ಟುಕೊಂಡದ್ದು ನನಗೆ ಗೊತ್ತೇ ಇರಲಿಲ್ಲ ನೋಡು."

ಇನ್ನೂರು ರೂಪಾಯಿಯ ವಿಷಯ ಹೇಳಿದೆ. ಅಮ್ಮ ಲಕೋಟೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಅಪ್ಪಯ್ಯ ಆವತ್ತು ಕೊಟ್ಟ ದುಡ್ಡಿಗೆ ಬಡ್ಡಿ ಸೇರಿಸಿದರೂ ಅಷ್ಟಾಗಲಿಕ್ಕಿಲ್ಲ" ಎಂದು ನಕ್ಕರು. ಆಮೇಲೆ ಎದ್ದು ಹೋಗಿ ತಮ್ಮ ಕಪಾಟಿನಲ್ಲಿ ಸೀರೆಗಳ ಅಡಿಗೆ ಇಟ್ಟು ಬೀಗ ಹಾಕಿದರು.

ಅಜ್ಮಾನಿನ ಬೆಕ್ಕುಗಳನ್ನೆಲ್ಲ ಮಾವನ ಮೊಮ್ಮಗ ಒಯ್ದ. ಲೆಡ್ಜರ್ ನನ್ನ ಮೇಜಿನ ಮೇಲಿದೆ, ಪುಟಗಳ ನಡುವೆ ಬಟರ್ ಪೇಪರ್ ಹಾಕಿಟ್ಟಿದ್ದೇನೆ. ಲಕೋಟೆ ಮಾತ್ರ ನನ್ನ ಕೈಗೆ ವಾಪಸ್ ಬಂದಿಲ್ಲ, ನಾನು ಕೇಳಲೂ ಇಲ್ಲ.