ಕೊಹಿಮಾಗೆ ಹೋದರೆ ಟೆನಿಸ್ ಅಂಗಳದವರೆಗೂ ಹತ್ತಿ

ಮೊದಲು ನಮ್ಮ ಎಡವಟ್ಟು ಹೇಳಿಬಿಡುತ್ತೇನೆ. ನಾಗಾಲ್ಯಾಂಡಿನ ರಾಜಧಾನಿ ಕೊಹಿಮಾದಲ್ಲಿ ಎರಡನೇ ಮಹಾಯುದ್ಧದಲ್ಲಿ ಸತ್ತ ಸೈನಿಕರ ಸ್ಮಶಾನವಿದೆ. ಅಲ್ಲಿಗೆ ನಾವು ಹೋಗಿದ್ದು ಡಿಸೆಂಬರಿನಲ್ಲಿ, ಮಧ್ಯಾಹ್ನ ಮೂರೂಮುಕ್ಕಾಲಿಗೆ. ಬೆಂಗಳೂರಿನ ಲೆಕ್ಕದಲ್ಲಿ ಅದಿನ್ನೂ ಕಾಫಿ ಹೊತ್ತು, ಅಲ್ವಾ? ಅಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗೇಬಿಡುತ್ತಾನೆ. ಅರ್ಧ ಗುಡ್ಡ ಹತ್ತುವಷ್ಟರಲ್ಲಿ ಕತ್ತಲು. ಮರುದಿನ ಮತ್ತೆ ಹೋದೆವು. ನೀವು ಬೆಳಗ್ಗೆಯೇ ಹೋಗಿ, ಸ್ವೆಟರ್ ಮರೆಯಬೇಡಿ.

ದಿಮಾಪುರದವರೆಗೆ ವಿಮಾನ ಅಥವಾ ರೈಲು. ಅಲ್ಲಿಂದ ಕೊಹಿಮಾ ಸುಮಾರು 70 ಕಿಲೋಮೀಟರ್, ಶೇರ್ ಸುಮೋ ಸಿಗುತ್ತದೆ. ನಾಗಾಲ್ಯಾಂಡಿಗೆ ಇನ್ನರ್ ಲೈನ್ ಪರ್ಮಿಟ್, ಅಂದರೆ ಹೊರಗಿನವರಿಗೆ ರಾಜ್ಯದೊಳಗೆ ಹೋಗಲು ಕೊಡುವ ಅನುಮತಿ ಪತ್ರ, ಬೇಕೇ ಬೇಕು. ಹೊರಡುವ ಮೊದಲೇ ಆನ್‌ಲೈನಿನಲ್ಲಿ ಮಾಡಿಸಿ, ಪ್ರಿಂಟ್ ಇಟ್ಟುಕೊಳ್ಳಿ. ಭಾನುವಾರ ಊರೆಲ್ಲ ಚರ್ಚಿನಲ್ಲಿರುತ್ತದೆ, ಅಂಗಡಿ ಬಾಗಿಲು ಹಾಕಿರುತ್ತವೆ. ಸಸ್ಯಾಹಾರಿಗಳು ಶನಿವಾರವೇ ಏನಾದರೂ ಕಟ್ಟಿಟ್ಟುಕೊಳ್ಳುವುದು ಒಳ್ಳೆಯದು.

ಸ್ಮಶಾನ ಇರುವುದು ಊರ ನಡುವೆಯೇ, ಗ್ಯಾರಿಸನ್ ಗುಡ್ಡದ ಮೇಲೆ. ಟಿಕೆಟ್ ಇಲ್ಲ. ಮಲೆನಾಡಿನ ಗದ್ದೆಗಳ ಹಾಗೆ ಹಂತ ಹಂತವಾಗಿ ಹುಲ್ಲು, ಅದರಲ್ಲಿ ಸಾಲಾಗಿ 1,420 ಸಮಾಧಿಗಳು. ಜಾಸ್ತಿ ಜನ ಕೆಳಗಿನ ದೊಡ್ಡ ಕಲ್ಲಿನ ಮುಂದೆ ಫೋಟೊ ತೆಗೆಸಿಕೊಂಡು ವಾಪಸ್ ಹೋಗುತ್ತಾರೆ. ಹಾಗೆ ಮಾಡಬೇಡಿ. ಮೇಲೆ ಹತ್ತಿದರೆ ನೆಲದಲ್ಲಿ ಬಿಳಿ ಗೆರೆಗಳು ಕಾಣುತ್ತವೆ. ಅದು ಡೆಪ್ಯುಟಿ ಕಮಿಷನರ್ ಬಂಗಲೆಯ ಟೆನಿಸ್ ಅಂಗಳ. 1944ರ ಏಪ್ರಿಲ್‌ನಲ್ಲಿ ಇದರ ಒಂದು ಬದಿಗೆ ಜಪಾನಿನವರು, ಇನ್ನೊಂದು ಬದಿಗೆ ಬ್ರಿಟಿಷ್ ಮತ್ತು ಭಾರತೀಯ ಸೈನಿಕರು ಗುಂಡಿ ತೋಡಿಕೊಂಡು ಕೂತಿದ್ದರು. ಗ್ರೆನೇಡ್‌ಗಳನ್ನು ಕೈಯಲ್ಲೇ ಎಸೆದಾಡುವಷ್ಟು ಹತ್ತಿರ. ನಾನು ಹೆಜ್ಜೆ ಹಾಕಿ ಅಳೆದೆ. ಉದ್ದಕ್ಕೆ ಮೂವತ್ತು ಚಿಲ್ಲರೆ ಹೆಜ್ಜೆ, ಅಷ್ಟೇ.

ಗುಡ್ಡದ ಮೇಲಿದ್ದ ಬ್ರಿಟಿಷ್ ಮತ್ತು ಭಾರತೀಯ ಸೈನಿಕರಿಗೆ ನೀರಿನ ದಾರಿ ಕಡಿದುಹೋಗಿತ್ತು. ಜಪಾನಿನವರದ್ದು ಬೇರೆ ಪಾಡು. ಮೂರು ವಾರಕ್ಕಾಗುವಷ್ಟು ದವಸ ಹೊತ್ತು ಬಂದವರಿಗೆ ಹಿಂದಿನಿಂದ ಏನೂ ಬರಲಿಲ್ಲ. ಕೊನೆಗೆ ಅವರ ದಂಡನಾಯಕ ಸಾಟೊ, ಮೇಲಿನವರ ಅಪ್ಪಣೆ ಮೀರಿ ಪಡೆಯನ್ನು ಹಿಂದಕ್ಕೆ ಕರೆದುಕೊಂಡು ಹೋದ. ನನಗೇನೋ ಆ ಮನುಷ್ಯನ ಮೇಲೆ ಗೌರವ ಬಂತು.

ಎಲ್ಲಕ್ಕಿಂತ ಎತ್ತರದಲ್ಲಿ ಇನ್ನೊಂದು ಸ್ಮಾರಕ ಇದೆ, ದಹನವಾದ 917 ಹಿಂದೂ ಮತ್ತು ಸಿಖ್ ಸೈನಿಕರದ್ದು. ಅವರಿಗೆ ಸಮಾಧಿಗಳಿಲ್ಲ. ಅಲ್ಲಿಗೆ ಹೋಗುವವರೂ ಕಡಿಮೆ.

ಸಮಯ ಇದ್ದರೆ ಕಿಸಾಮಾದ ಯುದ್ಧ ಮ್ಯೂಸಿಯಂ ನೋಡಿ, ಊರಿನಿಂದ ಸುಮಾರು 12 ಕಿಲೋಮೀಟರ್. ಡಿಸೆಂಬರ್ 1ರಿಂದ 10ರವರೆಗೆ ಅಲ್ಲೇ ನಾಗಾ ಬುಡಕಟ್ಟುಗಳ ಹಾರ್ನ್‌ಬಿಲ್ ಹಬ್ಬ, ರೂಮು ಸಿಗುವುದು ಕಷ್ಟ. ಹೋಟೆಲಿಗಿಂತ ಹೋಮ್‌ಸ್ಟೇ ವಾಸಿ. ನಾವಿದ್ದ ಮನೆಯ ಯಜಮಾನರು ರಾತ್ರಿ ಒಲೆ ಮುಂದೆ ಕೂತು ಹೇಳಿದರು, ಅವರ ಅಜ್ಜ ಗಾಯಗೊಂಡ ಸೈನಿಕರನ್ನು ಹೊತ್ತು ಗುಡ್ಡ ಇಳಿಸಿದವರಂತೆ. ಅಂಥವರ ಹೆಸರು ಯಾವ ಕಲ್ಲಿನ ಮೇಲಿದೆ ಅಂತ ಕೇಳಿದೆ. ಅವರು ನಕ್ಕು ಇನ್ನೊಂದು ಕಟ್ಟಿಗೆ ಒಲೆಗಿಟ್ಟರು.