ಕಾರ್ ಷೆಡ್ಡಿನಲ್ಲಿ ಒಂದು ರೋಬೋಟ್ ಟೀಮು

ಏಳನೇ ಕ್ಲಾಸಿನ ಮಗಳಿಗೆ ರೋಬೋಟಿಕ್ಸ್ ಟೀಮಿಗೆ ಸೇರಬೇಕು ಅಂತ ಆಸೆ. ಎಲ್ಲಿದೆ ಅಂತ ಹುಡುಕೋ ಕೆಲಸ ನನ್ನ ಪಾಲಿಗೆ ಬಂತು. ಅವಳ ಶಾಲೆಯಲ್ಲಿ ಕೇಳಿದರೆ "ಮುಂದಿನ ವರ್ಷ ನೋಡೋಣ ಮೇಡಂ" ಅಂದರು. ಒಂದೆರಡು ಕೋಚಿಂಗ್ ಸೆಂಟರಿಗೂ ಹೋಗಿ ಬಂದೆವು. ಅಲ್ಲಿ ಮಕ್ಕಳು ಒಬ್ಬೊಬ್ಬರೇ ಕೂತು ಪುಸ್ತಕದಲ್ಲಿ ಇದ್ದ ಹಾಗೆ ಜೋಡಿಸುತ್ತಿದ್ದರು. ಕೊನೆಗೊಂದು ಸರ್ಟಿಫಿಕೇಟ್ ಸಿಗುತ್ತದೆ, ಜೊತೆಗಾರರು ಸಿಗುವುದಿಲ್ಲ.

ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಯಾಗಿದ್ದರೆ ಇಷ್ಟು ಅಲೆಯಬೇಕಿರಲಿಲ್ಲ. ನೀತಿ ಆಯೋಗದ ಈ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ ಸಿಗುತ್ತದೆ. 6ರಿಂದ 12ನೇ ತರಗತಿ ಮಕ್ಕಳು ಕೈಯಾರೆ ಮಾಡಿ ಕಲಿಯಲಿ ಅಂತಲೇ ಮಾಡಿದ ಲ್ಯಾಬು, ಸರ್ಕಾರಿ ಶಾಲೆಗಳಲ್ಲೂ ಇದೆ. ನಿಮ್ಮ ಮಗುವಿನ ಶಾಲೆಯಲ್ಲಿ ಇದೆಯಾ ಅಂತ ಮೊದಲು ಕೇಳಿ. ಇದ್ದೂ ಬೀಗ ಬಿದ್ದಿದ್ದರೆ ನಾಲ್ಕು ಜನ ಅಪ್ಪ ಅಮ್ಮಂದಿರು ಸೇರಿ ಹೋಗಿ ಕೇಳಿ.

ನಮಗೆ ದಾರಿ ತೋರಿಸಿದ್ದು ಫಸ್ಟ್ ಲೆಗೊ ಲೀಗ್ ಅನ್ನೋ ಮಕ್ಕಳ ರೋಬೋಟ್ ಸ್ಪರ್ಧೆಯ ನಿಯಮಗಳು. ಒಂದು ಟೀಮಿನಲ್ಲಿ ಹತ್ತು ಮಕ್ಕಳವರೆಗೆ ಇರಬಹುದು, ಜೊತೆಗೆ ಇಬ್ಬರು ದೊಡ್ಡವರು ಬೇಕು. ಶಾಲೆಯದೇ ಟೀಮ್ ಆಗಬೇಕು ಅಂತೇನಿಲ್ಲ, ಅಕ್ಕಪಕ್ಕದ ಮನೆಗಳ ಮಕ್ಕಳೇ ಸೇರಿ ಮಾಡಿಕೊಳ್ಳಬಹುದು. ಇನ್ನೊಂದು ವಿಷಯ ನನಗೆ ತುಂಬಾ ಹಿಡಿಸಿತು. ಮೇಜಿನ ಮೇಲೆ ರೋಬೋಟ್ ಓಡೋದು ಎರಡೂವರೆ ನಿಮಿಷ, ತೀರ್ಪಿನಲ್ಲಿ ಅದಕ್ಕೆ ಸಿಗೋದು ಕಾಲು ಭಾಗ ಮಾತ್ರ. ರೋಬೋಟನ್ನು ಯಾಕೆ ಹೀಗೆ ಕಟ್ಟಿದಿರಿ ಅಂತ ವಿವರಿಸೋದಕ್ಕೆ ಕಾಲು ಭಾಗ, ಆ ವರ್ಷದ ವಿಷಯದ ಮೇಲೆ ಮಾಡುವ ಪ್ರಾಜೆಕ್ಟಿಗೆ ಕಾಲು ಭಾಗ, ಒಬ್ಬರಿಗೊಬ್ಬರು ಹೇಗೆ ನಡೆದುಕೊಂಡರು ಅನ್ನೋದಕ್ಕೆ ಇನ್ನೊಂದು ಕಾಲು.

ಅಂದರೆ ಕಂಪ್ಯೂಟರ್ ಬಲ್ಲ ಮಕ್ಕಳಷ್ಟೇ ಸಾಲದು, ಅಲ್ವಾ? ಹಾಗಾಗಿ ನಾವು ಕಿಟ್ ಬಿಟ್ಟು ಮೊದಲು ಮಕ್ಕಳನ್ನು ಹುಡುಕಿದೆವು. ಮನೆಯ ಮಿಕ್ಸಿ ಬಿಚ್ಚಿ ಬೈಸಿಕೊಂಡ ಹುಡುಗ, ಬಾಯಿ ತುಂಬ ಮಾತಾಡುವ ಹುಡುಗಿ, ಏನು ಕಂಡರೂ ಚಿತ್ರ ಬರೆಯುವ ಇನ್ನೊಬ್ಬಳು. ಹೀಗೆ ಏಳು ಮಕ್ಕಳು ಸೇರಿದರು. ಇಷ್ಟೂ ಜನ ಸಿಗದಿದ್ದರೆ ವರ್ಲ್ಡ್ ರೋಬೋಟ್ ಒಲಿಂಪಿಯಾಡ್ ಇದೆ, ಅದಕ್ಕೆ ಇಬ್ಬರು ಮೂವರು ಸಾಕು. ರೋಬೋಟ್ ಕಟ್ಟೋಕೆ ಬೇಕಾದ ಲೆಗೊ ಸ್ಪೈಕ್ ಪ್ರೈಮ್ ಕಿಟ್ ಹೊಸದಕ್ಕೆ ಹತ್ತಾರು ಸಾವಿರ ಆಗುತ್ತಿತ್ತು. ಬೆಂಗಳೂರಿನಲ್ಲಿ ಮಗ ಕಾಲೇಜಿಗೆ ಹೋದ ಮನೆಯೊಂದರಿಂದ ಸೆಕೆಂಡ್ ಹ್ಯಾಂಡ್ ತಂದೆವು, ಖರ್ಚನ್ನು ಎಲ್ಲ ಮನೆಯವರೂ ಹಂಚಿಕೊಂಡೆವು.

ಮೇಜು ಮಾಡಿಸಿದ ಭಾನುವಾರದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಆಟದ ಮ್ಯಾಟ್ ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲಕ್ಕಿಂತ ಚೂರು ಚಿಕ್ಕದು. ಅಂಗಡಿಯಲ್ಲಿ ಸಿಗುವ ಪ್ಲೈವುಡ್ ಶೀಟ್ ಸರಿಯಾಗಿ ಎಂಟಕ್ಕೆ ನಾಲ್ಕು ಅಡಿ. ನಮ್ಮ ಮನೆಗೆ ಬಾಗಿಲು ಮಾಡಿಕೊಟ್ಟಿದ್ದ ಆಚಾರ್ರು ಬಂದು, ಸುತ್ತ ರೀಪರ್ ಹೊಡೆದು, ಕಾಲು ಕೂರಿಸಿ, ಕಾರ್ ಷೆಡ್ಡಿನಲ್ಲಿ ನಿಲ್ಲಿಸಿದರು. ಮಕ್ಕಳು ಕೂಡಲೇ ಮ್ಯಾಟ್ ಹಾಸಿ ರೋಬೋಟ್ ಬಿಟ್ಟರು. ನೇರ ಹೋಗಬೇಕಾದದ್ದು ಎಡಕ್ಕೆ ಎಳೆಯಿತು. ಪ್ರೋಗ್ರಾಮ್ ತಿದ್ದಿದರು. ಚಕ್ರ ಬಿಚ್ಚಿ ಒರೆಸಿ ಹಾಕಿದರು. ಬ್ಯಾಟರಿ ಚಾರ್ಜ್ ಮಾಡಿದರು. ಮತ್ತೆ ಎಡಕ್ಕೇ.

ನಾನು ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದೆ. ಏನಾದರೂ ಹೇಳೋಣ ಅಂತ ಬಾಯಿ ತುರಿಸುತ್ತಿತ್ತು. ಆದರೆ ಕಟ್ಟೋದು, ಪ್ರೋಗ್ರಾಮ್ ಬರೆಯೋದು ಎಲ್ಲ ಮಕ್ಕಳದೇ ಆಗಿರಬೇಕು, ಅದು ಈ ಆಟದ ಮುಖ್ಯ ಮಾತು. ಸುಮ್ನಿದ್ದೆ.

ಆಗ ಮಿಕ್ಸಿ ಹುಡುಗ "ಆ ತುದಿಯಿಂದ ಈ ಕಡೆಗೆ ಬಿಟ್ಟು ನೋಡೋಣ" ಅಂದ. ಬಿಟ್ಟರು. ಈ ಸಲ ಬಲಕ್ಕೆ ಎಳೆಯಿತು! ಎಲ್ಲರೂ ಒಂದು ಕ್ಷಣ ಮುಖ ಮುಖ ನೋಡಿಕೊಂಡರು. ನನ್ನ ಮಗಳು ಗೇಟಿನ ಕಡೆ ಕೈ ತೋರಿಸಿ ಕೂಗಿದಳು, "ಎರಡು ಸಲಾನೂ ಗೇಟಿನ ಕಡೆಗೇ ಹೋಯ್ತು! ರೋಬೋಟ್ ಸರಿಯಾಗೇ ಇದೆ, ಟೇಬಲ್ ವಾಲಿದೆ!"

ಸಾಮಾನು ಕಟ್ಟಿಕೊಳ್ಳುತ್ತಿದ್ದ ಆಚಾರ್ರು ಎದ್ದು ಬಂದು ರಸಮಟ್ಟ ಇಟ್ಟರು. ಗುಳ್ಳೆ ನಡುವಿನಲ್ಲಿ ನಿಲ್ಲಲಿಲ್ಲ. "ಮೇಜು ಸರಿಗಿದೆ ಮಗಾ, ನೆಲಕ್ಕೆ ವಾಟ ಇದೆ. ಮಳೆ ನೀರು ಆಚೆ ಹೋಗ್ಲಿ ಅಂತ ಕೊಟ್ಟಿರ್ತಾರೆ" ಅಂದರು. ರಸಮಟ್ಟವನ್ನು ಅವಳ ಕೈಗೇ ಕೊಟ್ಟು, ಗೇಟಿನ ಕಡೆಯ ಎರಡೂ ಕಾಲಿನ ಕೆಳಗೆ ಚಕ್ಕೆ ತೂರಿಸಿದರು. ಗುಳ್ಳೆ ನಡುವಿಗೆ ಬರುವವರೆಗೂ "ಇನ್ನೂ ಸ್ವಲ್ಪ ತಾತ, ಇನ್ನೂ ಸ್ವಲ್ಪ" ಅನ್ನುತ್ತಿದ್ದಳು ಮಗಳು. ಆಮೇಲೆ ಬಿಟ್ಟ ರೋಬೋಟ್ ನೆಟ್ಟಗೆ ಹೋಯಿತು. ಆ ಕೇಕೆ ಬೀದಿ ತುದಿಯವರೆಗೂ ಕೇಳಿಸಿರಬೇಕು. ಯಾವ ಕ್ಲಾಸಿಗೆ ಕಳಿಸಿದ್ದರೂ ಮಕ್ಕಳು ಇದನ್ನು ಹೀಗೆ ಕಂಡುಕೊಳ್ಳುತ್ತಿರಲಿಲ್ಲ ಅಂತ ನನ್ನ ನಂಬಿಕೆ.

ಹೊರಡುವಾಗ ಆಚಾರ್ರು ಸಂಕೋಚದಿಂದಲೇ ಕೇಳಿದರು. "ಅಮ್ಮಾ, ನನ್ ಮೊಮ್ಮಗಳು ಸರ್ಕಾರಿ ಸ್ಕೂಲಲ್ಲಿ ಐದನೇ ಕ್ಲಾಸು. ಅವಳ್ನೂ ಕಳಿಸ್ಬೋದಾ?" ಮಕ್ಕಳು ನನಗಿಂತ ಮೊದಲೇ ಹೂಂ ಅಂದರು.

ಲೀಗ್‌ನ 2025–26ರ ವಿಷಯ ಪುರಾತತ್ವ. ಅಗೆದು ಹುಡುಕುವವರಿಗೆ ಇರುವ ಒಂದು ತೊಂದರೆಯನ್ನು ಆರಿಸಿಕೊಂಡು, ಮಕ್ಕಳೇ ಪರಿಹಾರ ಯೋಚಿಸಬೇಕು. ಮೈಸೂರಿನವರಿಗೆ ಇದಕ್ಕಿಂತ ಒಳ್ಳೆಯ ವಿಷಯ ಉಂಟೇ? ಎಲ್ಲರನ್ನೂ ತಲಕಾಡಿಗೆ ಕರೆದುಕೊಂಡು ಹೋದೆವು. ವಿಷ್ಣುವರ್ಧನ ಚೋಳರನ್ನು ಗೆದ್ದ ನೆನಪಿಗೆ ಕಟ್ಟಿಸಿದ ಕೀರ್ತಿನಾರಾಯಣ ದೇವಸ್ಥಾನ, ಮರಳು ತೆಗೆದು ಈಚೆ ತಂದ ಗುಡಿಗಳು, ಎಲ್ಲ ನೋಡಿದೆವು. ಪಾತಾಳೇಶ್ವರನ ಮೆಟ್ಟಿಲು ಇಳಿಯುವಾಗ ಆ ಮೊಮ್ಮಗಳೇ ಕೇಳಿದಳು, "ತೆಗೆದ ಮರಳು ಮತ್ತೆ ಬಂದು ತುಂಬ್ಕೊಳ್ಳಲ್ವಾ?"

ವಾಪಸ್ ಬರುವಾಗ ವ್ಯಾನಿನ ತುಂಬ ಅದೇ ಚರ್ಚೆ. ದೂರ ಅಳೆಯುವ ಸೆನ್ಸರನ್ನು ಒಂದು ಕಂಬಕ್ಕೆ ಕಟ್ಟಿ ಕೆಳಮುಖವಾಗಿ ಇಟ್ಟರೆ, ಮರಳು ಏರಿದಂತೆ ದೂರ ಕಡಿಮೆ ಆಗುತ್ತದೆ. ಎಷ್ಟು ಏರಿತು ಅಂತ ದಿನಾ ಬರೆದಿಡಬಹುದು ಅನ್ನೋದು ಅವರ ಲೆಕ್ಕ. ಈಗ ಷೆಡ್ಡಿನಲ್ಲಿ ಒಂದು ಟಬ್ಬಿಗೆ ಮರಳು ತುಂಬಿ, ಫ್ಯಾನ್ ಹಾಕಿ, ಅದನ್ನೇ ಪರೀಕ್ಷೆ ಮಾಡುತ್ತಿದ್ದಾರೆ. ಇದನ್ನು ರಾಜ್ಯ ಪುರಾತತ್ವ ಇಲಾಖೆಯವರಿಗೆ ತೋರಿಸಿ ಅಭಿಪ್ರಾಯ ಕೇಳಬೇಕು ಅಂತ ಪತ್ರವೂ ತಯಾರಾಗಿದೆ, ಇಲಾಖೆಯ ಕೇಂದ್ರ ಕಚೇರಿ ಮೈಸೂರಿನಲ್ಲೇ ಇರುವುದು ನಮ್ಮ ಅನುಕೂಲ. ಟೀಮಿನಲ್ಲಿ ಈಗ ಎಂಟು ಮಕ್ಕಳಿದ್ದಾರೆ. ಇನ್ನೂ ಇಬ್ಬರಿಗೆ ಜಾಗ ಇದೆ.