ಮೂರು ಜಾಗ, ಒಂದೇ ಮನೆಯ ಮಾತು

21 ನವೆಂಬರ್ 2024, ಗುರುವಾರ

(ಗುರುತು ಸಿಗಬಾರದು ಅಂತ ವಯಸ್ಸು, ಮನೆತನ, ಇನ್ನೂ ಕೆಲವು ವಿವರ ಬದಲಿಸಿ ಬರೆದಿದ್ದೇನೆ.)

ತಾಲೂಕು ಆಸ್ಪತ್ರೆಯಲ್ಲಿ ಮನಸ್ಸಿನ ಸಮಸ್ಯೆ ನೋಡುವ ನನಗೆ ಇವತ್ತು ಹೈಸ್ಕೂಲಿಗೆ ಹೋಗುವ ದಿನ. ಹೆಡ್‌ಮಾಸ್ತರು ನಾನು ನೋಡಬೇಕಾದ ಮಕ್ಕಳ ಪಟ್ಟಿ ಮಾಡಿಟ್ಟಿದ್ದರು. ಮೊದಲ ಹೆಸರು ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗನದು. ಮುಂದೆ ಕೆಂಪು ಇಂಕಿನಲ್ಲಿ "ಓದುವುದಿಲ್ಲ, ಸೋಮಾರಿ, ಹಠ" ಅಂತ ಇತ್ತು.

ಲ್ಯಾಬಿನ ಮೂಲೆಯಲ್ಲಿ ಇಬ್ಬರೂ ಕೂತೆವು. ನಾಲ್ಕನೇ ಕ್ಲಾಸಿನ ಕನ್ನಡ ಪಾಠದ ಒಂದು ಪುಟ ಕೊಟ್ಟೆ. ಬೆರಳಿಟ್ಟುಕೊಂಡು ಓದಿದ. "ಪುಸ್ತಕ" ಹೋಗಿ "ಪುಸಕ" ಆಯಿತು, "ಹಕ್ಕಿ" ಹೋಗಿ "ಹಕಿ" ಆಯಿತು. ಒತ್ತಕ್ಷರ ಬಂದ ಕಡೆಯೆಲ್ಲ ನಿಲ್ಲುತ್ತಾನೆ, ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸುತ್ತಾನೆ. ಮೂರು ಸಾಲು ಮುಗಿಯುವಷ್ಟರಲ್ಲಿ ಹಣೆ ಬೆವರಿತ್ತು. ಪುಸ್ತಕ ಮುಚ್ಚಿಸಿ ಬಾಯಿಲೆಕ್ಕ ಕೇಳಿದೆ. ಮೆಣಸಿನಕಾಯಿ ಕೆಜಿಗೆ 150 ರೂಪಾಯಿ, 32 ಕೆಜಿ ಮೂಟೆಗೆ ಎಷ್ಟಾಗುತ್ತೆ? "ನಾಲ್ಕು ಸಾವಿರದ ಎಂಟ್ನೂರು ಮೇಡಂ" ಅಂದ, ತಡವೇ ಇಲ್ಲ. ಆಮೇಲೆ ಅವನೇ ಸೇರಿಸಿದ: "ಆದ್ರೆ ಅಷ್ಟೂ ಕೈಗೆ ಬರಲ್ಲ. ಹಮಾಲಿ, ಕಮಿಷನ್ ಹಿಡ್ಕೊಳ್ತಾರೆ."

ಇವನು ಸೋಮಾರಿನಾ? ಇಲ್ಲ. ಕಲಿಕಾ ನ್ಯೂನತೆ, ಅಂದರೆ ಬುದ್ಧಿ ಚೆನ್ನಾಗಿದ್ದರೂ ಓದು ಬರಹದಂಥ ಕಲಿಕೆ ಮಾತ್ರ ಕಷ್ಟವಾಗುವುದು, ಇರಬೇಕು ಅನ್ನುವುದು ನನ್ನ ಅನುಮಾನ. ಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಕನ್ನಡದ ಮಗು ನೂರಾರು ರೂಪಗಳನ್ನು ಕಣ್ಣಿಗೆ ಹಿಡಿಸಿಕೊಳ್ಳಬೇಕು. ಬೇರೆ ಮಕ್ಕಳು ನಾಲ್ಕೈದನೇ ಕ್ಲಾಸಿಗೆ ದಾಟುವ ಹಂತದಲ್ಲೇ ಈ ಮಕ್ಕಳು ಉಳಿದುಬಿಡುತ್ತಾರೆ. ಆದರೆ ಅನುಮಾನದ ಮೇಲೆ ಏನೂ ಬರೆದುಕೊಡಲು ಬರುವುದಿಲ್ಲ. ಮೊದಲು ಕಣ್ಣು, ಕಿವಿ ತೋರಿಸಬೇಕು. ಆಮೇಲೆ ಬುದ್ಧಿಮತ್ತೆ ಪರೀಕ್ಷೆ. ನಾವು ಜಾಸ್ತಿ ಬಳಸುವುದು ಬಿನೆ-ಕಾಮತ್ ಪರೀಕ್ಷೆಯನ್ನು. 1930ರ ದಶಕದಲ್ಲಿ ವಿ. ವಿ. ಕಾಮತರು ಕನ್ನಡ, ಮರಾಠಿ ಮಾತಾಡುವ ಮಕ್ಕಳಿಗೆಂದೇ ಹೊಂದಿಸಿದ್ದು ಅದು. ಅದಾದ ಮೇಲೆ ಓದು, ಬರಹ, ಲೆಕ್ಕದ ಪರೀಕ್ಷೆಗಳು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿರುವ 21 ಬಗೆಯ ಅಂಗವೈಕಲ್ಯದಲ್ಲಿ ಕಲಿಕಾ ನ್ಯೂನತೆಯೂ ಒಂದು. ಪ್ರಮಾಣಪತ್ರ ಸಿಕ್ಕಿದರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ಸಮಯ, ಬರೆಯಲು ಬೇರೊಬ್ಬರ ಸಹಾಯ ಕೇಳಬಹುದು. ಮೂರನೇ ಕ್ಲಾಸಿನಲ್ಲೇ ಯಾರಾದರೂ ಗಮನಿಸಿದ್ದರೆ ಇಷ್ಟು ವರ್ಷ ಬೈಸಿಕೊಳ್ಳುವುದು ತಪ್ಪುತ್ತಿತ್ತು. ಅದು ನೆನೆದರೆ ಹೊಟ್ಟೆ ಉರಿಯುತ್ತದೆ.

ಹುಡುಗ ಕ್ಲಾಸಿಗೆ ಹೋದ ಮೇಲೆ ಹೆಡ್‌ಮಾಸ್ತರು ಕುರ್ಚಿ ಹತ್ತಿರ ಎಳೆದುಕೊಂಡರು. "ಅವರ ತಾಯಿ ಆಸ್ಪತ್ರೆಗೆ ನಿಮ್ಮತ್ರ ಬರ್ತಾರಂತಲ್ಲ ಮೇಡಂ, ಏನಾಗಿದೆ?" ಕೇಳಿದ್ದು ಕಾಳಜಿಯಿಂದಲೇ. ಆ ಮನುಷ್ಯ ಫೀಸು ಕಟ್ಟಲಾಗದ ಮಕ್ಕಳಿಗೆ ಕೈಯಿಂದ ಕಟ್ಟಿದವರು. ಆದರೂ ನಾನು ಹೌದು ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ. "ಸರ್, ಆಸ್ಪತ್ರೆಗೆ ಯಾರು ಬರ್ತಾರೆ ಅನ್ನೋದನ್ನ ನಾನು ಯಾರಿಗೂ ಹೇಳಲ್ಲ. ಹುಡುಗನ ಬಗ್ಗೆ ಮಾತಾಡೋಣ" ಅಂದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಹೇಳುವುದೂ ಇದನ್ನೇ. ಸೆಕ್ಷನ್ ಇಲ್ಲದಿದ್ದರೂ ನಾನು ಹೇಳುತ್ತಿರಲಿಲ್ಲ.

ಆ ತಾಯಿ ಬಂದಿದ್ದು ಮೊನ್ನೆ ಮಂಗಳವಾರ. ಮಂಗಳವಾರ ನಮ್ಮ ತಾಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕ್ಲಿನಿಕ್, ಜಿಲ್ಲೆಯಿಂದ ಮನೋವೈದ್ಯರು ಬರುತ್ತಾರೆ, ಕಾರಿಡಾರ್ ತುಂಬ ಜನ. ಚೀಟಿಯಲ್ಲಿ ಬರೆದಿದ್ದು ತಲೆನೋವು. "ಸ್ಕ್ಯಾನ್ ಮಾಡ್ಸಿದ್ರೂ ಏನೂ ಇಲ್ಲ ಅಂತಾರೆ, ನೋವು ಮಾತ್ರ ಐತೆ ಮೇಡಂ." ಯಾವಾಗ ಜಾಸ್ತಿ ಅಂತ ಕೇಳುತ್ತಾ ಹೋದೆ. ಶಾಲೆಯಿಂದ ದೂರು ಬಂದ ರಾತ್ರಿ ಜಾಸ್ತಿ. ಗಂಡ ಕುಡಿದು ಬಂದು "ನಿನ್ನ ಮಗ ನಿನ್ನಂಗೇ ದಡ್ಡ" ಅಂತ ಶುರು ಮಾಡಿದರೆ ಬೆಳಗಾಗುವವರೆಗೆ ನಿದ್ದೆ ಇಲ್ಲ. ಎದ್ದು ಹೋಗುವಾಗ ಕೈ ಹಿಡಿದು "ಇದು ಸಾಲಿ ಮಾಸ್ತರಿಗೆ ಗೊತ್ತಾಗಬಾರ್ದು ಯವ್ವಾ" ಅಂದಿದ್ದರು.

ಹಾಗಾಗಿ ಇವತ್ತು ಗೊತ್ತಿದ್ದದ್ದನ್ನು ಹೇಳದೆಯೇ ಬಳಸಬೇಕಿತ್ತು. ಹೆಡ್‌ಮಾಸ್ತರಿಗೆ ಒಂದೇ ಕೋರಿಕೆ ಇಟ್ಟೆ: ಪಟ್ಟಿಯಲ್ಲಿರುವ ಯಾವ ಮಗುವಿನ ಮನೆಗೂ ದೂರಿನ ಚೀಟಿ ಕಳಿಸಬೇಡಿ, ಪರೀಕ್ಷೆ ಮುಗಿಯಲಿ, ಅಪ್ಪ ಅಮ್ಮನ ಹತ್ತಿರ ನಾನೇ ಮಾತಾಡುತ್ತೇನೆ. ಎಲ್ಲ ಮಕ್ಕಳಿಗೂ ಸೇರಿಸಿ ಕೇಳಿದ್ದರಿಂದ ಆ ಮನೆ ಎದ್ದು ಕಾಣಲಿಲ್ಲ. ಅವರು ಒಪ್ಪಿದರು. ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿಸುವುದನ್ನೂ ಸದ್ಯಕ್ಕೆ ಬಿಡುತ್ತಾರಂತೆ.

ಆಸ್ಪತ್ರೆಯಲ್ಲೇ ಕೂತಿದ್ದರೆ ನನಗೆ ತಲೆನೋವು ಮಾತ್ರ ಕಾಣುತ್ತಿತ್ತು. ಶಾಲೆಗೆ ಮಾತ್ರ ಬಂದಿದ್ದರೆ ಒತ್ತಕ್ಷರ ಮಾತ್ರ. ಒಬ್ಬರೇ ಎರಡೂ ಕಡೆ ಓಡಾಡಬೇಕು ಅಂತ ನಾನು ವಾದ ಮಾಡುವುದು ಇದಕ್ಕೇ. ಇದು ಹೊಸದೇನಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ, ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮನಸ್ಸಿನ ಕಾಯಿಲೆಯ ಚಿಕಿತ್ಸೆಯನ್ನು ಹಳ್ಳಿಗೆ ತಂದರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ.

ಸಂಜೆ ಪಕ್ಕದ ಹಳ್ಳಿಯ ಅಂಗನವಾಡಿಯಲ್ಲಿ ಮಹಿಳಾ ಸಂಘದ ಮೀಟಿಂಗ್ ಇತ್ತು, ಆಶಾ ಕಾರ್ಯಕರ್ತೆ ಕರೆದಿದ್ದರು. ಮನಸ್ಸಿನ ಕಷ್ಟ ಹೇಳಿಕೊಳ್ಳಲು ಇರುವ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ ಅಂದೆ. ಒಬ್ಬ ಅಜ್ಜಿ "ಗಾಳಿ ಸೋಂಕಿದ್ರೆ ಫೋನಿನಾಗ ಹೋಗ್ತೈತಾ?" ಅಂದರು. ಗುಡಿಗೆ ಹೋಗಬೇಡಿ ಅಂತ ನಾನು ಯಾವತ್ತೂ ಹೇಳುವುದಿಲ್ಲ. "ದೇವರಿಗೂ ಹೋಗಿ ಬನ್ನಿ ಅಜ್ಜಿ, ಆದ್ರೆ ಮಾತ್ರೆ ಬಿಡಬೇಡಿ" ಅಂದೆ. ಎಲ್ಲರೂ ಕೂತಿರುವಾಗ ತನ್ನ ಕಥೆ ಯಾರೂ ಹೇಳುವುದಿಲ್ಲ. ಎಲ್ಲ ಎದ್ದ ಮೇಲೆ ಒಬ್ಬರು ಚಾಪೆ ಸುತ್ತುತ್ತಾ "ನಮ್ಮ ಪಕ್ಕದ ಮನ್ಯಾಕಿಗೆ ಸಾಯಬೇಕು ಅನಿಸ್ತೈತಂತೆ" ಅಂದರು. ಯಾರ ಮನೆ ಅಂತ ಕೇಳಲಿಲ್ಲ. ಪಕ್ಕದಲ್ಲಿ ಕೂತು, ಪಕ್ಕದ ಮನೆಯವಳ ಬಗ್ಗೆಯೇ ಪೂರ್ತಿ ಮಾತಾಡಿದೆ: ಅವಳು ಏನಾದರೂ ಮಾಡಿಕೊಳ್ಳಬೇಕು ಅಂತ ಯೋಚಿಸಿದ್ದಾಳಾ, ಮನೆಯಲ್ಲಿ ಹೊಲದ ಔಷಧಿ ಎಲ್ಲಿಟ್ಟಿದ್ದಾರೆ, ರಾತ್ರಿ ಜೊತೆಗೆ ಯಾರಿರುತ್ತಾರೆ. ಔಷಧಿ ಡಬ್ಬಿ ಇವತ್ತೇ ತವರಿನವರ ಮನೆಗೆ ಸಾಗಿಸುತ್ತೇನೆ ಅಂದರು. ಆಶಾ ಅಕ್ಕನಿಗೆ ಹೇಳಲು ಅವರನ್ನೇ ಕೇಳಿ ಒಪ್ಪಿಸಿದೆ. ರಾತ್ರಿ ಅವರಿಗೆ ಜೊತೆಗೆ ಅಕ್ಕ ಇರುತ್ತಾರೆ, ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಇಬ್ಬರೂ ಆಸ್ಪತ್ರೆಗೆ ಬರುತ್ತಾರೆ.

ಹುಡುಗನ ಕಣ್ಣು, ಕಿವಿ ಪರೀಕ್ಷೆಯ ಚೀಟಿ ಬರೆದಿಟ್ಟಿದ್ದೇನೆ. ತಾಯಿ ಮುಂದಿನ ಮಂಗಳವಾರ ಬಂದಾಗ ಅಪ್ಪನನ್ನು ಹೇಗೆ ಕರೆಸುವುದು ಅಂತ ಅವರನ್ನೇ ಕೇಳಬೇಕು. ಅವರು ಬೇಡ ಅಂದರೆ ಬೇರೆ ದಾರಿ ಹುಡುಕುತ್ತೇನೆ.